ಬಲವಂತದ ಒಬ್ಬಟ್ಟು

ವಿದ್ಯಾರ್ಥಿ ಸಂಘಗಳ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, ಈ ಕೆಲಸದಲ್ಲಿ ಮುಖ್ಯವಾಗಿ ಏನು ಕಲಿಯಬೇಕು ಎಂದು ಕೇಳುತ್ತಾರೆ. ಕುರ್ಚಿ ಎಣಿಸುವುದನ್ನು ಕಲಿಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ಹೇಳಿದ್ದು ತಮಾಷೆಗಲ್ಲ. ಕೆನಡಾದ ಮಿಸ್ಸಿಸಾಗದ ಒಂದು ಕ್ಯಾಂಪಸ್ಸಿನಲ್ಲಿ ನಿವೃತ್ತಿಯಾಗುವವರೆಗೂ ನಾನು ಮಾಡಿದ್ದು ಅದನ್ನೇ. ಯಾವ ಸಂಘಕ್ಕೆ ಯಾವ ಕೋಣೆ, ಎಷ್ಟು ಕುರ್ಚಿ, ಊಟ ತರುತ್ತಾರೋ, ತಂದರೆ ಕಾರ್ಪೆಟ್ ತೊಳೆಸುವವರು ಯಾರು. ನಿದ್ದೆ ಮಾಡುವವರ ಸಂಘ ಎಂದೊಂದು ಅರ್ಜಿ ಬಂದಿತ್ತು. ಅದರ ಪದಾಧಿಕಾರಿಗಳು ಸಂದರ್ಶನಕ್ಕೇ ಬರಲಿಲ್ಲ. ಧ್ಯೇಯಕ್ಕೆ ಇಷ್ಟು ನಿಷ್ಠರಾದ ಸಂಘ ಬೇರೆ ಸಿಗದು ಎಂದು ಮಾನ್ಯತೆ ಕೊಟ್ಟೆ.

ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಪ್ರತಿ ಬಡ್ತಿಯಲ್ಲೂ ಬಾಗಿಲ ಮೇಲಿನ ಹುದ್ದೆಯ ಹೆಸರು ಉದ್ದವಾಯಿತು, ಒಳಗಿನ ಕೋಣೆ ಅಷ್ಟೇ ಇತ್ತು. ನನ್ನ ಮೇಲಿನವರು ಗ್ಲೆನ್ ಸಾಹೇಬರು. ಸುಮತಿ ಎಂಬುದು ಉದ್ದದ ಹೆಸರೆಂದು ಅವರಿಗೆ ಮೊದಲ ದಿನವೇ ಅನಿಸಿ ನನ್ನನ್ನು 'ಸೂ' ಮಾಡಿದರು. ಒಳ್ಳೆಯ ಮನುಷ್ಯ. ಜಗತ್ತಿನಲ್ಲಿ ಅವರಿಗೆ ಭಯವಿದ್ದದ್ದು ಎರಡಕ್ಕೇ, ಪತ್ರಿಕೆಯವರಿಗೆ ಮತ್ತು ಕಡಲೆಕಾಯಿಗೆ. ಕಡಲೆಕಾಯಿಯಿಂದ ಯಾರಿಗಾದರೂ ಏನಾದರೂ ಆದರೆ ಪತ್ರಿಕೆಯವರು ಬರುತ್ತಾರೆ ಎಂಬುದು ಅವರ ಆಡಳಿತದ ಸಾರ.

ಅಪೂರ್ವ ನನ್ನ ಕೋಣೆಗೆ ಬಂದದ್ದು ಒಂದು ಸೆಪ್ಟೆಂಬರಿನ ಮಧ್ಯಾಹ್ನ. ಅಪ್ಪ ಅಮ್ಮ ಮೈಸೂರಿನವರು, ಅವಳು ಹುಟ್ಟಿ ಬೆಳೆದದ್ದು ಇಲ್ಲೇ ಮೆಡೋವೇಲ್‌ನಲ್ಲಿ. ಆಗ ಇಂಜಿನಿಯರಿಂಗ್ ಎರಡನೇ ವರ್ಷ. ನನ್ನ ಮೇಜಿನ ಮೇಲಿದ್ದ ಕೃಷ್ಣಮಠದ ಕ್ಯಾಲೆಂಡರ್ ನೋಡಿ ಕನ್ನಡಕ್ಕೆ ಇಳಿದಳು.

"ಆಂಟಿ, ನಂಗೊಂದು ಸೊರೊರಿಟಿ ಸ್ಟಾರ್ಟ್ ಮಾಡ್ಬೇಕು. ಏಷ್ಯನ್ ಹುಡುಗೀರಿಗೆ."

ಸೊರೊರಿಟಿ ಎಂದರೆ ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರು ಕಟ್ಟಿಕೊಳ್ಳುವ ಸಂಘ. ಹೆಸರಿಗೆ ಗ್ರೀಕ್ ಅಕ್ಷರ, ಒಳಗೆ ಗುಟ್ಟಿನ ವಿಧಿಗಳು, ಇರಲು ಒಂದು ದೊಡ್ಡ ಮನೆ, ಸೇರಿದವರೆಲ್ಲ ಅಕ್ಕತಂಗಿಯರು. ನಮ್ಮ ಕ್ಯಾಂಪಸ್ಸಿನಲ್ಲಿ ಅಂಥದ್ದು ಇರಲಿಲ್ಲ. ನಮ್ಮ ಮಕ್ಕಳು ಬೆಳಿಗ್ಗೆ ಅಪ್ಪಅಮ್ಮನ ಮನೆಯಿಂದ ಬಂದು ಸಂಜೆ ಅಪ್ಪಅಮ್ಮನ ಮನೆಗೆ ಹೋಗುವವರು.

"ಎಂತಕ್ಕೆ ಅದು?" ಎಂದೆ.

"ನಾನು ಲಂಚ್ ಕಾರಲ್ಲಿ ಕೂತ್ಕೊಂಡು ತಿಂತೀನಿ ಆಂಟಿ, ಪಾರ್ಕಿಂಗ್ ಲಾಟಲ್ಲಿ. ಪಕ್ಕದ ಕಾರಲ್ಲೂ ಒಬ್ಳು ತಿಂತಿರ್ತಾಳೆ, ವಿಯೆಟ್ನಾಮಿ ಹುಡುಗಿ. ಫಸ್ಟ್ ಇಯರಿಂದ ನೋಡ್ತಿದೀನಿ. ಇನ್ನೂ ಹಾಯ್ ಹೇಳಿಲ್ಲ."

"ಹೇಳಬಹುದಲ್ಲ ಮಾರಾಯ್ತಿ."

"ಸುಮ್ಸುಮ್ನೆ ಹೇಗೆ ಹೇಳೋದು? ಒಂದು ಆರ್ಗನೈಸೇಶನ್ ಅಂತ ಇದ್ರೆ ಹೇಳ್ಬಹುದು."

ಪಕ್ಕದ ಕಾರಿನವಳಿಗೆ ಹಾಯ್ ಹೇಳಲು ಸಂವಿಧಾನ, ಅಧ್ಯಕ್ಷೆ, ಕಾರ್ಯದರ್ಶಿ ಬೇಕಾಗುವ ಪೀಳಿಗೆ ಇದು ಎಂದು ಅಂದು ಗೊತ್ತಾಯಿತು. ನಮ್ಮ ಆಫೀಸಿನ ಹೊಟ್ಟೆ ತುಂಬುವುದೇ ಅದರಿಂದ, ಹಾಗಾಗಿ ದೂರಲಿಲ್ಲ. ಆದರೆ ಅವಳು ಹೋದ ಮೇಲೆ ಕಿಟಕಿಯಿಂದ ಪಾರ್ಕಿಂಗ್ ಲಾಟನ್ನು ನೋಡುತ್ತಾ ಕೂತೆ. ಎಷ್ಟೊಂದು ಕಾರುಗಳಲ್ಲಿ ಎಷ್ಟೊಂದು ಮಕ್ಕಳು ಸ್ಟೀರಿಂಗಿಗೆ ಡಬ್ಬಿ ಆನಿಸಿಕೊಂಡು ತಿನ್ನುತ್ತಿದ್ದರು. ಅಷ್ಟು ವರ್ಷ ಅದೇ ಕಿಟಕಿಯ ಪಕ್ಕ ಕೂತಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಗ್ಲೆನ್ ಸಾಹೇಬರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. (ಅವರ ಮಾತು, ಮುಂದೆ ಬರುವ ಹ್ಯಾನಾ ಮತ್ತು ಅವಳ ತಾಯಿಯ ಮಾತು ಎಲ್ಲ ಇಂಗ್ಲಿಷೇ. ಇಲ್ಲಿ ನನ್ನ ಕನ್ನಡದಲ್ಲಿ ಆಡುತ್ತಾರೆ.) "ಏಷ್ಯನ್ ಅಂದರೆ ಎಲ್ಲಿಂದ ಎಲ್ಲಿಯವರೆಗೆ, ಸೂ?" ಎಂದರು. ಗೋಡೆಯ ಮೇಲಿನ ಭೂಪಟ ತೋರಿಸಿದೆ. ಅವರಿಗೆ ಅಷ್ಟು ದೊಡ್ಡದಿದೆ ಎಂಬ ಅಂದಾಜು ಇರಲಿಲ್ಲ, ಬೆಂಕಿ ಸುರಕ್ಷತೆಯ ದೃಷ್ಟಿಯಿಂದ ಕೋಣೆಗೆ ಇಷ್ಟೇ ಜನ ಎಂದು ಮಿತಿ ಹಾಕಿದರು. ಸೊರೊರಿಟಿ ಎಂಬ ಪದ ಪತ್ರಿಕೆಯವರ ಕಿವಿಗೆ ಬೀಳಬಾರದೆಂದು 'ಮಹಿಳಾ ಸಾಂಸ್ಕೃತಿಕ ಗುಂಪು' ಎಂದು ನೋಂದಾಯಿಸಿದರು. ಹುಡುಗಿಯರು ಟೀ ಶರ್ಟಿನ ಮೇಲೆ ಗ್ರೀಕ್ ಅಕ್ಷರ ಹಾಕಿಸಿಕೊಂಡರು. ಸ್ಥಾಪಕಿಯರಲ್ಲಿ ಕನ್ನಡ, ತಮಿಳು, ವಿಯೆಟ್ನಾಮಿ, ಕೊರಿಯನ್, ಪಂಜಾಬಿ ಮನೆಮಾತಿನವರಿದ್ದರು. ಗ್ರೀಕ್ ಬಲ್ಲವರು ಯಾರೂ ಇರಲಿಲ್ಲ. ಅದೊಂದರಲ್ಲಿ ಎಲ್ಲರೂ ಸಮಾನರಾಗಿದ್ದರು.

ಹೊಸ ಸದಸ್ಯರನ್ನು ಸೇರಿಸಿಕೊಳ್ಳುವ ಮೊದಲ ವಾರಕ್ಕೆ ಕೋಣೆ ಹಂಚಿದವಳು ನಾನೇ. ಅಕ್ಟೋಬರಿನಲ್ಲಿ ಖಾಲಿ ಇದ್ದ ಒಳ್ಳೆಯ ಕೋಣೆ ಸಿಕ್ಕಿತೆಂದು ಬೀಗುತ್ತಾ ಕೊಟ್ಟುಬಿಟ್ಟೆ. ಆ ವಾರ ನವರಾತ್ರಿ, ಅದರ ಬೆನ್ನಿಗೆ ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ರಜೆ. ಬರಬೇಕಾದ ಹುಡುಗಿಯರೆಲ್ಲ ಅವರವರ ಅಮ್ಮಂದಿರ ಅಡುಗೆಮನೆಯಲ್ಲಿದ್ದರು. ನಾನೂ ಸಂಜೆ ಮನೆಗೆ ಹೋಗಿ ಗೊಂಬೆ ಜೋಡಿಸಿದವಳೇ, ಆದರೂ ಹೊಳೆದಿರಲಿಲ್ಲ. ಆಫೀಸಿನ ಕ್ಯಾಲೆಂಡರ್ ಬೇರೆ, ಮನೆಯ ಕ್ಯಾಲೆಂಡರ್ ಬೇರೆ ಎಂದು ತಲೆಯಲ್ಲೇ ಗೋಡೆ ಕಟ್ಟಿಕೊಂಡಿದ್ದೆ. ಖಾಲಿ ಕುರ್ಚಿಗಳ ನಡುವೆ ಅಪೂರ್ವ ಒಬ್ಬಳೇ ಬಲೂನು ಊದುತ್ತಾ ಕೂತಿದ್ದಳು. ಪೋಸ್ಟರಿನ ಬಣ್ಣ ಸರಿಯಿಲ್ಲದ್ದರಿಂದ ಜನ ಬರಲಿಲ್ಲ ಎಂದು ಗ್ಲೆನ್ ಸಾಹೇಬರು ವರದಿ ಬರೆದರು.

ಮರುತಿಂಗಳು ಹುಡುಗಿಯರು ಬಂದರು. ಬಂದವರ ಹಿಂದೆ ಅಪ್ಪಂದಿರೂ ಬಂದರು. ಸಭೆ ಮುಗಿಯುವವರೆಗೆ ವ್ಯಾನುಗಳಲ್ಲಿ ಹೀಟರ್ ಹಾಕಿಕೊಂಡು ಸಾಲಾಗಿ ಕಾಯುತ್ತಿದ್ದರು. ಒಬ್ಬರು ಕಿಟಕಿ ಇಳಿಸಿ ನನ್ನನ್ನು ಕರೆದು, "ಮೇಡಂ, ಇದಕ್ಕೆ ಕ್ರೆಡಿಟ್ ಸಿಗುತ್ತಾ?" ಎಂದು ಕೇಳಿದರು. ಸಿಗುವುದಿಲ್ಲ ಎಂದೆ. "ಮತ್ತೆ ಯಾಕೆ ಮಾಡ್ತಾರೆ?" ಎಂದರು. ನ್ಯಾಯವಾದ ಪ್ರಶ್ನೆ. ಆದರೆ ಕೆಲವು ವಾರ ಕಳೆಯುವುದರಲ್ಲಿ ಅಪ್ಪಂದಿರು ಒಬ್ಬರ ವ್ಯಾನಿನಿಂದ ಇನ್ನೊಬ್ಬರ ವ್ಯಾನಿಗೆ ಹೋಗಿ ಕೂತು ಚಹಾ ಕುಡಿಯತೊಡಗಿದರು. ಯಾವ ಮಾನ್ಯತೆಯೂ ಇಲ್ಲದೆ, ಒಂದು ಕುರ್ಚಿಯನ್ನೂ ಕೇಳದೆ ಬೆಳೆದ ಸಂಘ ಅದೊಂದೇ.

ದೊಡ್ಡ ಮನೆ ಎಂಬುದು ನಮ್ಮವರಿಗೆ ಇರಲಿಲ್ಲ. ಅದರ ಬದಲಿಗೆ ಮೆಡೋವೇಲ್‌ನಲ್ಲಿ ಅಪೂರ್ವಳ ಮನೆಯ ಬೇಸ್‌ಮೆಂಟ್ ಇತ್ತು. ಅಲ್ಲೊಂದು ಟ್ರೆಡ್‌ಮಿಲ್, ಕೋಟು ನೇತುಹಾಕಲು. ಗುಟ್ಟಿನ ದೀಕ್ಷಾವಿಧಿ ನಡೆಯುತ್ತಿದ್ದದ್ದು ಅಲ್ಲೇ. ಸಲಹೆಗಾರ್ತಿಯೆಂದು ನನ್ನನ್ನೂ ಕರೆಯುತ್ತಿದ್ದರು. ಮೊದಲ ಸಲ ದೀಪ ಆರಿಸಿ, ಮೇಣದಬತ್ತಿ ಹಿಡಿದು, ಹುಡುಗಿಯರು ಗಂಭೀರವಾಗಿ ಪ್ರತಿಜ್ಞೆ ಹೇಳುತ್ತಿದ್ದಾಗ ಅಪೂರ್ವಳ ತಾಯಿ ಗೀತಾ ಟಕ್ಕನೆ ಲೈಟ್ ಹಾಕಿ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದರು.

"ಅಮ್ಮ, ಇದು ಸೀಕ್ರೆಟ್," ಎಂದಳು ಅಪೂರ್ವ.

"ಸೀಕ್ರೆಟ್ ಆಮೇಲೆ ಮಾಡ್ಕೊಳ್ಳಿ. ಬಿಸಿ ಆರೋಗುತ್ತೆ."

ಅಲ್ಲಿಂದ ಮುಂದೆ ವಿಧಿಯ ಅರ್ಧಭಾಗ ಊಟವೇ ಆಯಿತು. ಒಬ್ಬೊಬ್ಬರ ಮನೆಯಿಂದ ಒಂದೊಂದು ಬರತೊಡಗಿತು. ಹುಡುಗಿಯರ ಸಂಖ್ಯೆ ಬೆಳೆಯಿತು, ಎರಡನೆಯ ವರ್ಷ ಬೇಸ್‌ಮೆಂಟಿನಿಂದ ಟ್ರೆಡ್‌ಮಿಲ್ಲನ್ನು ಗ್ಯಾರೇಜಿಗೆ ಸಾಗಿಸಬೇಕಾಯಿತು. ಅವರ ಸಂವಿಧಾನಕ್ಕೆ ಒಂದು ಸಾಲು ಸೇರಿತು: ಯಾವ ಸದಸ್ಯೆಯೂ ಕಾರಿನಲ್ಲಿ ಒಬ್ಬಳೇ ಕೂತು ಊಟ ಮಾಡತಕ್ಕದ್ದಲ್ಲ. ನನ್ನ ಸೇವಾವಧಿಯಲ್ಲಿ ಓದಿದ ಸಂವಿಧಾನಗಳಲ್ಲಿ ಪಾಲಿಸಲ್ಪಟ್ಟ ಸಾಲು ಬಹುಶಃ ಅದೇ.

ಈ ನಡುವೆ ಆಫೀಸು ಬದಲಾಯಿತು. ಕಾಗದದ ಅರ್ಜಿ ಹೋಗಿ ಪೋರ್ಟಲ್ ಬಂತು. ಮೊದಲು ಹುಡುಗರು ನನ್ನೆದುರು ಕೂತು ಸುಳ್ಳು ಹೇಳುತ್ತಿದ್ದರು, ಈಗ ಡ್ರಾಪ್‌ಡೌನಿನಲ್ಲಿ ಆರಿಸುತ್ತಾರೆ. ಬೇರೆಲ್ಲೋ ಹೊಸ ಸದಸ್ಯರಿಗೆ ಹಿಂಸೆ ಕೊಟ್ಟ ಸುದ್ದಿ ಬಂದ ಮೇಲೆ ಹೇಜಿಂಗ್ ತಡೆಯುವ ನಿಯಮಾವಳಿ ಬಂತು. ಹೇಜಿಂಗ್ ಎಂದರೆ ಸೇರಿಸಿಕೊಳ್ಳುವ ನೆಪದಲ್ಲಿ ಪೀಡಿಸುವುದು. ಬೇಕಾದ ನಿಯಮವೇ. ಅದರಲ್ಲೊಂದು ಕಲಮು, 'ಆಹಾರ ಅಥವಾ ಪಾನೀಯವನ್ನು ಬಲವಂತವಾಗಿ ಸೇವಿಸುವಂತೆ ಮಾಡುವುದು'. ಎಲ್ಲ ಸಂಘಗಳಿಗೂ ಸ್ಲೈಡ್ ಹಾಕಿ ಪಾಠ ಮಾಡಿದವಳು ನಾನು. ಅಪೂರ್ವಳ ಗುಂಪು ಮೊದಲ ಸಾಲಿನಲ್ಲಿ ಕೂತು ತಲೆಯಾಡಿಸಿತು. ಹೆಂಡ ಕುಡಿಸುವವರ ವಿಷಯ ಎಂದು ಅವರೂ ತಿಳಿದರು, ನಾನೂ ತಿಳಿದೆ.

ಅಪೂರ್ವಳ ಕೊನೆಯ ವರ್ಷದಲ್ಲಿ ಹ್ಯಾನಾ ಸೇರಿದಳು. ಚೀನಾದಿಂದ ಹಸುಗೂಸಾಗಿದ್ದಾಗ ದತ್ತು ಬಂದವಳು. ಪಕ್ಕದ ಊರಾದ ಓಕ್‌ವಿಲ್‌ನಲ್ಲಿ, ಕ್ಯಾರಲ್ ಎಂಬ ಬಿಳಿಯ ಹೆಂಗಸಿನ ಒಬ್ಬಳೇ ಮಗಳಾಗಿ ಬೆಳೆದವಳು. ಚಾಪ್‌ಸ್ಟಿಕ್ ಹಿಡಿಯಲು ಯೂಟ್ಯೂಬ್ ನೋಡಿ ಕಲಿತೆ ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದ್ದಳು. "ಆ ಹುಡುಗಿಯರ ನಡುವೆ ನಾನು ನಕಲಿ ಅಂತ ಯಾರಾದರೂ ಕಂಡುಹಿಡಿಯುತ್ತಾರೆ ಅಂತ ಹೆದರಿಕೆ," ಎಂದಿದ್ದಳು.

ಅವಳ ದೀಕ್ಷೆಯ ದಿನ ಗೀತಾ ಒಬ್ಬಟ್ಟು ಮಾಡಿದ್ದರು. ನಡೆದದ್ದು ಇಷ್ಟು. ಹ್ಯಾನಾ ಒಂದು ತಿಂದು ಸಾಕು ಎಂದಳು. ಗೀತಾ ಇನ್ನೊಂದು ಹಾಕಿ ತುಪ್ಪ ಬಿಟ್ಟರು. ಬೇಡ ಎಂದಳು. "ಇಷ್ಟೇ ಇಷ್ಟು," ಎಂದು ತಮಿಳು ಹುಡುಗಿ ಮತ್ತೊಂದು ಹಾಕಿದಳು. ಖಂಡಿತ ಬೇಡ ಎಂದಳು. "ನನ್ನ ಕೈಯಿಂದ ಒಂದು," ಎಂದು ಅಪೂರ್ವ ಹಾಕಿದಳು. ಆ ರಾತ್ರಿ ಹ್ಯಾನಾ ಮನೆಯಲ್ಲಿ ವಾಂತಿ ಮಾಡಿಕೊಂಡಳು. ಕ್ಯಾರಲ್ ಗಾಬರಿಯಾಗಿ ವಿಚಾರಿಸಿದರು. ಬೆಳಿಗ್ಗೆ ಪೋರ್ಟಲಿನಲ್ಲಿ ದೂರು ಬಂತು: ಮುಚ್ಚಿದ ನೆಲಮಾಳಿಗೆ, ಮೇಣದಬತ್ತಿ, ಮಗಳು ಮತ್ತೆ ಮತ್ತೆ ಬೇಡ ಎಂದರೂ ಗುಂಪುಗೂಡಿ ತಿನ್ನಿಸಿದರು. ಓದಿದೆ. ಒಂದಕ್ಷರವೂ ಸುಳ್ಳಿರಲಿಲ್ಲ.

ಗ್ಲೆನ್ ಸಾಹೇಬರು ಬೆವೆತುಹೋಗಿದ್ದರು. ಆರೋಪ ನಿಜವಾದರೆ ಗುಂಪಿನ ಮಾನ್ಯತೆ ರದ್ದು, ಪದಾಧಿಕಾರಿಗಳ ದಾಖಲೆಯಲ್ಲಿ ಹೇಜಿಂಗ್ ಎಂಬ ಕಪ್ಪುಚುಕ್ಕೆ. ಅಪೂರ್ವ ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದಳು. "ಆಂಟಿ, ನಾವು ಪ್ರೀತಿಯಿಂದ ಹಾಕಿದ್ದು," ಎಂದಳು. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಅವಳು ಹೋದ ಮೇಲೆ ಹ್ಯಾನಾ ಬಂದಳು. ನಿಂತೇ ಇದ್ದಳು.

"ನಾನು ಅಮ್ಮನಿಗೆ ದೂರು ಕೊಡು ಅಂತ ಹೇಳಿಲ್ಲ. ಈ ಗುಂಪು ಮುಚ್ಚಿಹೋದರೆ ನನ್ನಿಂದಲೇ ಮುಚ್ಚಿದ್ದು ಅಂತಾಗುತ್ತದೆ. ಆಮೇಲೆ ನಾನು ಎಲ್ಲಿಗೆ ಹೋಗಲಿ?"

ವಿಚಾರಣೆಯಲ್ಲಿ ನಿಜ ಹೇಳು ಎಂದೆ. ಇಂಥ ಸಲಹೆ ಕೊಡುವುದಕ್ಕೇ ನಮಗೆ ಸಂಬಳ.

ವಿಚಾರಣೆಗೆ ಮೊದಲು ಗ್ಲೆನ್ ಸಾಹೇಬರಿಗೆ ಉಪಚಾರ ಎಂದರೇನು ಎಂದು ವಿವರಿಸಬೇಕಾಯಿತು. ನಮ್ಮಲ್ಲಿ ಬಡಿಸುವವರು ಕೇಳಿದ ಕೂಡಲೇ ಹೂಂ ಎನ್ನುವುದು ಮರ್ಯಾದೆಯಲ್ಲ, ಬೇಡ ಎಂದ ಕೂಡಲೇ ಬಿಟ್ಟುಬಿಡುವುದೂ ಮರ್ಯಾದೆಯಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಹಾಗಾದರೆ ಬೇಡ ಅಂದರೆ ನಿಜವಾಗಿ ಬೇಡ ಅಂತ ಯಾವಾಗ ಗೊತ್ತಾಗುತ್ತದೆ, ಸೂ?"

"ಎಲೆಗೆ ಕೈ ಅಡ್ಡ ಇಟ್ಟಾಗ. ಕೈ ಅಡ್ಡ ಬಂದ ಮೇಲೆ ಯಾರೂ ಹಾಕುವುದಿಲ್ಲ."

ಅವರು ಪೆನ್ನು ಎತ್ತಿಕೊಂಡು ಅದನ್ನು ಬರೆದುಕೊಂಡರು.

ವಿಚಾರಣೆಯ ದಿನ ಒಂದು ಉದ್ದ ಮೇಜು. ಈ ಬದಿ ಅಪೂರ್ವ ಮತ್ತು ಗೀತಾ, ಆ ಬದಿ ಹ್ಯಾನಾ ಮತ್ತು ಕ್ಯಾರಲ್, ತುದಿಯಲ್ಲಿ ಗ್ಲೆನ್ ಸಾಹೇಬರು, ಟಿಪ್ಪಣಿಗೆ ನಾನು. ಮೊದಲು ಕ್ಯಾರಲ್ ಮಾತಾಡಿದರು. ಜಗಳಗಂಟಿಯಿರಬಹುದು ಎಂದುಕೊಂಡಿದ್ದೆ. ಅವರು ದನಿ ಎತ್ತರಿಸಲೇ ಇಲ್ಲ.

"ನನ್ನ ಮಗಳ 'ಬೇಡ'ಕ್ಕೆ ಬೆಲೆ ಇದೆ ಅಂತ ಹೇಳಿಕೊಟ್ಟು ಬೆಳೆಸಿದ್ದೇನೆ. ಒಂದು ಕೋಣೆ ತುಂಬ ಜನ ಸೇರಿ ಅದನ್ನು ಕೇಳಿಸಿಕೊಳ್ಳಲಿಲ್ಲ. ತಿಂದದ್ದು ಸಿಹಿಯೋ ಕಹಿಯೋ ನನಗೆ ಮುಖ್ಯವಲ್ಲ."

ಆ ತಾಯಿ ಹೇಳಿದ್ದು ಸರಿಯಾಗಿತ್ತು, ಅದನ್ನು ಈ ಕೆಲಸಕ್ಕೆ ಬರುವ ಹೊಸಬರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಗೀತಾ ಕಣ್ಣೊರೆಸಿಕೊಂಡರು. ಆಮೇಲೆ ಚೀಲಕ್ಕೆ ಕೈಹಾಕಿ ಸ್ಟೀಲ್ ಡಬ್ಬಿ ತೆಗೆದರು. ಬಲವಂತವಾಗಿ ಒಬ್ಬಟ್ಟು ತಿನ್ನಿಸಿದ ಆರೋಪದ ವಿಚಾರಣೆಗೆ ಆ ಪುಣ್ಯಾತ್ಗಿತ್ತಿ ಒಬ್ಬಟ್ಟು ಮಾಡಿಕೊಂಡು ಬಂದಿದ್ದರು.

"ಅಮ್ಮ, ಪ್ಲೀಸ್," ಎಂದಳು ಅಪೂರ್ವ ಹಲ್ಲು ಕಚ್ಚಿ.

"ಬರಿಗೈಲಿ ಹೇಗೆ ಬರೋದೇ? ಮಗು ಹೊಟ್ಟೆ ಕೆಟ್ಟಿದೆ ಅಂತ ತುಪ್ಪ ಕಡಿಮೆ ಹಾಕಿದೀನಿ." ಎಂದವರೇ ಇಂಗ್ಲಿಷಿಗೆ ತಿರುಗಿ ಡಬ್ಬಿಯನ್ನು ಕ್ಯಾರಲ್ ಮುಂದೆ ಹಿಡಿದರು. "ಪ್ಲೀಸ್, ಒಂದು ತಗೊಳ್ಳಿ."

"ಬೇಡ, ಥ್ಯಾಂಕ್ಸ್," ಎಂದರು ಕ್ಯಾರಲ್.

"ಒಂದೇ ಒಂದು."

ಗ್ಲೆನ್ ಸಾಹೇಬರ ಬಾಯಿ ತೆರೆದೇ ಇತ್ತು.

"ಬೇಡ ಅಂದೆನಲ್ಲ."

"ಅರ್ಧ?"

ಇನ್ನು ಮುಗಿಯಿತು, ಮಾನ್ಯತೆ ಕಣ್ಣೆದುರೇ ರದ್ದಾಯಿತು ಎಂದುಕೊಂಡೆ. ಟಿಪ್ಪಣಿಯಲ್ಲಿ ಇದನ್ನು ಬರೆಯಬೇಕೋ ಬಿಡಬೇಕೋ ತಿಳಿಯದೆ ಕೂತೆ. ಅಷ್ಟರಲ್ಲಿ ಹ್ಯಾನಾ ಕೈ ಚಾಚಿ ತನ್ನ ತಾಯಿಯ ಮುಂದೆ ಅಂಗೈ ಅಡ್ಡ ಹಿಡಿದಳು. ಗೀತಾರ ಕೈ ಅಲ್ಲೇ ನಿಂತಿತು. ಏನೂ ನಡೆಯದವರಂತೆ ಡಬ್ಬಿ ಮುಚ್ಚಿ, "ಆಯ್ತು, ಆಮೇಲೆ ತಿನ್ನಿ," ಎಂದು ಕೂತರು.

"ಇದು ನಿನಗೆ ಗೊತ್ತಿತ್ತಾ?" ಎಂದು ಗ್ಲೆನ್ ಸಾಹೇಬರು ಹ್ಯಾನಾಳನ್ನು ಕೇಳಿದರು. "ಆ ದಿನವೂ ಗೊತ್ತಿತ್ತಾ?"

"ಗೊತ್ತಿತ್ತು. ಬೇರೆ ಹುಡುಗಿಯರು ಸಾಕಾದಾಗ ಹಾಗೇ ಮಾಡುತ್ತಿದ್ದರು. ನೋಡಿಕೊಂಡಿದ್ದೆ."

"ಮತ್ತೆ ನೀನು ಯಾಕೆ ಮಾಡಲಿಲ್ಲ?" ಎಂದರು ಕ್ಯಾರಲ್.

ಹ್ಯಾನಾ ತಾಯಿಯ ಕಡೆ ತಿರುಗಿದಳು.

"ಅವರು ಒಬ್ಬರನ್ನೊಬ್ಬರು ಹಾಗೆ ಒತ್ತಾಯ ಮಾಡುತ್ತಾರಮ್ಮ. ಹೊರಗಿನವರಿಗೆ ಒಂದೇ ಸಲ ಕೇಳಿ ಬಿಡುತ್ತಾರೆ. ನಾನು ಬೇಡ ಅಂದದ್ದು, ನನ್ನನ್ನು ಮತ್ತೆ ಕೇಳುತ್ತಾರಾ ನೋಡೋಣ ಅಂತ. ಕೇಳಿದರು. ಅದಕ್ಕೆ ಮತ್ತೆ ಬೇಡ ಅಂದೆ."

ಕ್ಯಾರಲ್ ಮಗಳ ಕೈ ಹಿಡಿದುಕೊಂಡರು. ನಾನು ಟಿಪ್ಪಣಿ ನಿಲ್ಲಿಸಿ ಕಿಟಕಿಯ ಕಡೆ ನೋಡಿದೆ.

ಗುಂಪು ಉಳಿಯಿತು, ಆದರೆ ಆಫೀಸು ಸುಮ್ಮನೆ ಬಿಡುವಂಥದ್ದಲ್ಲ. ಆಹಾರವನ್ನು ಒಂದೇ ಸಲ ಕೇಳತಕ್ಕದ್ದು, ಬೇಡ ಎಂದರೆ ಅಲ್ಲಿಗೆ ಮುಗಿಯತಕ್ಕದ್ದು ಎಂದು ಗ್ಲೆನ್ ಸಾಹೇಬರು ಷರತ್ತು ಹಾಕಿದರು. ಮುಂದಿನ ಸಭೆಗೆ ಹೋಗಿದ್ದೆ. ಕೊರಿಯನ್ ಹುಡುಗಿ ತಮಿಳು ಹುಡುಗಿಯನ್ನು ಕೇಳಿದಳು, ಅವಳು ಮರ್ಯಾದೆಗೆ ಬೇಡ ಎಂದಳು, ನಿಯಮದ ಪ್ರಕಾರ ತಟ್ಟೆ ಮುಂದೆ ಹೋಯಿತು. ಅವಳು ಪಂಜಾಬಿಯನ್ನು ಕೇಳಿದಳು, ಅವಳೂ ಬೇಡ ಎಂದಳು. ನನ್ನನ್ನು ಕೇಳಿದರು. ರೂಢಿಯಂತೆ ಬೇಡ ಎಂದೆ. ತುಂಬಿದ ಪಾತ್ರೆಗಳ ಸುತ್ತ ಅಷ್ಟೂ ಹೆಣ್ಣುಮಕ್ಕಳು ನಿಯಮಬದ್ಧವಾಗಿ ಹಸಿದು ಕೂತರು. ಮನೆಗೆ ಬಂದು ತಡವಾಗಿ ಗಂಜಿ ಬೇಯಿಸುತ್ತಿದ್ದರೆ ನನ್ನ ಗಂಡ, "ಎಂತ, ಅಲ್ಲಿ ಊಟ ಇರಲಿಲ್ವಾ?" ಎಂದರು. "ಇತ್ತು, ಪಾಲಿಸಿ ಕೂಡ ಇತ್ತು," ಎಂದೆ.

ಕೊನೆಗೆ ದಾರಿ ತೋರಿದವಳು ಹ್ಯಾನಾಳೇ. ಕೈ ಅಡ್ಡ ಬರುವವರೆಗೆ ಕೇಳಬಹುದು, ಕೈ ಅಡ್ಡ ಬಂದ ಮೇಲೆ ದೇವರೂ ಕೇಳುವಂತಿಲ್ಲ. ಸೇರುವ ದಿನವೇ ಹೊಸಬರಿಗೆ ಮೊದಲು ಇದನ್ನು ಕಲಿಸಬೇಕು. ಅವಳೇ ಬರೆದು ಪೋರ್ಟಲಿಗೆ ಹಾಕಿದಳು. ಗ್ಲೆನ್ ಸಾಹೇಬರು ಅದಕ್ಕೆ 'ಸಂಜ್ಞಾಧಾರಿತ ಸಮ್ಮತಿ ಮಾದರಿ' ಎಂದು ಹೆಸರಿಟ್ಟು, ಸ್ಲೈಡ್ ಮಾಡಿ, ಒಂದು ಸಮ್ಮೇಳನದಲ್ಲಿ ಮಂಡಿಸಿ ಬಂದರು. ನಮ್ಮ ಅಜ್ಜಿಯಂದಿರ ಬಾಳೆಲೆಯ ಮೇಲಿನ ಕೈ ಹೀಗೆ ಅವರ ಸಂಶೋಧನೆಯಾಯಿತು. ನನಗೂ ಒಂದು ಪ್ರತಿ ಕೊಟ್ಟರು, ಓದಿ ಕಲಿತುಕೊಳ್ಳಲಿ ಎಂದು.

ನಾನು ನಿವೃತ್ತಿಯಾದಾಗ ಆಫೀಸಿನಲ್ಲಿ ಕೇಕ್ ಕತ್ತರಿಸಿದರು, ಕಡಲೆಕಾಯಿ ಇಲ್ಲದ್ದು. ನಿಜವಾದ ಬೀಳ್ಕೊಡುಗೆ ಮೆಡೋವೇಲ್‌ನ ಬೇಸ್‌ಮೆಂಟಿನಲ್ಲಿ ಆಯಿತು. ಅಪೂರ್ವ ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದಳು, ಹ್ಯಾನಾ ಅಧ್ಯಕ್ಷೆಯಾಗಿದ್ದಳು. ಗೀತಾ ಮೇಲೆ ಒಲೆಯ ಮುಂದೆ. ಅಂದು ಬಡಿಸುತ್ತಿದ್ದವರಲ್ಲಿ ಕ್ಯಾರಲ್ ಕೂಡ ಇದ್ದರು. ಇಲ್ಲಿನವರ ಸಿಹಿತಿಂಡಿ ಬಟರ್ ಟಾರ್ಟನ್ನು ತಾವೇ ಮಾಡಿ ತಂದಿದ್ದರು. ಬಿಸಿಬಿಸಿ, ಅಂಚು ಸೀದು ಗರಿಗರಿಯಾಗಿ, ನಡುವೆ ಸಕ್ಕರೆಪಾಕ ತುಳುಕುತ್ತಿತ್ತು. ಒಂದು ತಿಂದೆ. ಸ್ವರ್ಗ.

ಕ್ಯಾರಲ್ ಎರಡನೆಯ ಸುತ್ತು ಬಂದು ನನ್ನ ಮುಂದೆ ನಿಂತರು. "ಇನ್ನೊಂದು?"

"ಬೇಡ, ಬೇಡ," ಎಂದೆ, ಕೈಯನ್ನು ಮಡಿಲಿನಿಂದ ಎತ್ತದೆ.

"ಸರಿ," ಎಂದು ಅವರು ಮುಂದಿನವರ ಕಡೆ ಹೊರಟರು. ನಾನು ತಟ್ಟೆಯ ಹಿಂದೆಯೇ ಕಣ್ಣು ಕಳಿಸಿ ಸುಮ್ಮನೆ ಕೂತೆ.

ಕೋಣೆಯ ಆಚೆ ತುದಿಯಿಂದ ಹ್ಯಾನಾ ನೋಡುತ್ತಿದ್ದಳು. "ಅಮ್ಮ," ಎಂದು ಕೂಗಿದಳು. "ಕೈ ಅಡ್ಡ ಬಂದಿಲ್ಲ. ಇನ್ನೊಂದ್ಸಲ ಕೇಳು."

ಕ್ಯಾರಲ್ ತಟ್ಟೆ ಹಿಡಿದುಕೊಂಡು ವಾಪಸ್ ಬಂದರು.